ಅರ್ಧ ಜೋಡಿಸಿದ ಸೆರಗು

ಆ ಶುಕ್ರವಾರ ನಾನು ಮತ್ತು ನನ್ನ ತಮ್ಮ ಇಳಕಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ಎದುರುಬದುರು ಕೂತು ಸೆರಗು ಜೋಡಿಸುತ್ತಿದ್ದೆವು. ನಮ್ಮ ಸೀರೆಗಳಲ್ಲಿ ಒಡಲಿನ ಎಳೆ ಬೇರೆ, ಸೆರಗಿನ ಕೆಂಪು ರೇಷ್ಮೆ ಬೇರೆ. ನೇಯುವ ಮೊದಲು ಒಂದೊಂದು ಎಳೆಯನ್ನೂ ಕುಣಿಕೆ ಹಾಕಿ ಕೂಡಿಸಬೇಕು. ಒಬ್ಬರು ಹಿಡಿಯಬೇಕು, ಇನ್ನೊಬ್ಬರು ಸಿಕ್ಕಿಸಬೇಕು. ಅದು ತಮ್ಮ ತನ್ನ ಹೆಂಡತಿಗೆಂದು ಹೂಡಿದ ಸೀರೆ. ಅಷ್ಟು ವರ್ಷ ಮಾರುವ ಸೀರೆ ನೇಯ್ದವನು ಮನೆಗೆಂದು ಹೂಡಿದ್ದು ಅದೊಂದೇ.

ಹೊತ್ತು ಮುಳುಗುವಾಗ ಅವನು ಕೈ ಬಿಟ್ಟು ಎದ್ದ. ಅರ್ಧದಷ್ಟು ಎಳೆಗಳು ಉಳಿದಿದ್ದವು. ನಮ್ಮಂತೆ ಭಾನುವಾರವಲ್ಲ, ಶನಿವಾರವನ್ನೇ ಸಬ್ಬತ್ ಎಂದು, ದೇವರ ವಿಶ್ರಾಂತಿಯ ದಿನವೆಂದು ಆಚರಿಸುವ ಬಾಗಲಕೋಟೆಯ ಕ್ರೈಸ್ತರ ಕೂಟಕ್ಕೆ ಕೆಲವು ತಿಂಗಳಿಂದ ಹೋಗುತ್ತಿದ್ದನಂತೆ. ಇನ್ನು ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗೆ ಮಗ್ಗ ಮುಟ್ಟುವುದಿಲ್ಲ, ಭಾನುವಾರ ನೇಯುತ್ತೇನೆ ಎಂದ. ದೇವರು ವಿಶ್ರಮಿಸಿದ್ದು ಏಳನೆಯ ದಿನ, ಅದನ್ನು ಬದಲಿಸಿದವರು ಮನುಷ್ಯರು ಎಂದ. ಕರ್ತನು ಸತ್ತು ಎದ್ದದ್ದು ಭಾನುವಾರ ಎಂದು ನಾನು ಹೇಳಿ, ಉಳಿದ ಎಳೆಗಳನ್ನು ಅವನ ಕಡೆಗೆ ಎಸೆದೆ.

ಮುಂದಿನ ಭಾನುವಾರ ನಮ್ಮ ಚರ್ಚಿನ ಸಭೆಯವರು ಆರಾಧನೆಗೆ ಹೋಗುವಾಗ ಅವನ ಮಗ್ಗದ ಸದ್ದು ಬೀದಿಗೆ ಕೇಳುತ್ತಿತ್ತು. ಸಭೆಯ ಹಿರಿಯರೊಬ್ಬರು ಕಿಟಕಿಗೆ ಬಗ್ಗಿದರು. “ಶನಿವಾರ ಹನಮಪ್ಪನ ದಿನ ಐತಲೇ. ಗುಡಿಗೆ ಹೋಗಿ ಎಣ್ಣಿ ಹಾಕಿ ಬಂದ್ಯೇನು?”

ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಮರುವಾರ, ಭಾನುವಾರ ಅವನು ನೇಯದಿರಲೆಂದು ಅವನ ಲಾಳಿಯನ್ನು ಕಿಸೆಗೆ ಹಾಕಿಕೊಂಡೇ ಚರ್ಚಿಗೆ ಹೋದೆ. ಉಪದೇಶ ಮುಗಿಯುವವರೆಗೆ ಅದರ ಮೊನೆ ತೊಡೆಗೆ ಚುಚ್ಚುತ್ತಿತ್ತು. ಅವನು ಬೇರೆ ಲಾಳಿ ತಂದುಕೊಂಡ. ಮಾರುವ ಸೀರೆಗಳ ಸೆರಗು ಜೋಡಿಸಲು ಎದುರಿಗೆ ಹೆಂಡತಿಯನ್ನು ಕೂರಿಸಿಕೊಂಡ. ಅವಳ ಸೀರೆಯ ಎಳೆಗಳನ್ನು ಮಾತ್ರ ಸುತ್ತಿ ತೊಲೆಗೆ ಕಟ್ಟಿಟ್ಟ. ಅಣ್ಣನ ಕೂಡ ಶುರುಮಾಡಿದ್ದು, ಅಣ್ಣನ ಕೂಡವೇ ಮುಗಿಸುತ್ತೇನೆ ಎಂದು ಅವಳಿಗೆ ಹೇಳಿದ್ದನಂತೆ.

ಮಳೆಗಾಲದಲ್ಲಿ ತಮ್ಮನಿಗೆ ಕಾಮಾಲೆಯಾಗಿ, ಒಂದು ಶುಕ್ರವಾರ ಬೆಳಿಗ್ಗೆ ದವಾಖಾನೆಯಲ್ಲಿ ತೀರಿಕೊಂಡ. ಅವನ ಕೂಟದವರಿಗೆ ಸ್ವಂತ ಸ್ಮಶಾನವಿರಲಿಲ್ಲ. ನಮ್ಮ ಚರ್ಚಿನ ಸ್ಮಶಾನದ ಕೀಲಿ ಅಂದು ಕಿಟಕಿಗೆ ಬಗ್ಗಿದ್ದ ಅದೇ ಹಿರಿಯರ ಕೈಯಲ್ಲಿತ್ತು.

“ಕಡೀಗೆ ಐತವಾರಕ್ಕ ತಿರುಗಿದ್ದ ಅಂತ ನೀ ಒಂದ ಮಾತ ಹೇಳು. ಜಾಗಾ ಕೊಡ್ತೇವಿ,” ಎಂದರು.

ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. “ಭಾವಾರ, ಸುಳ್ಳ ಹೇಳಬ್ಯಾಡ್ರಿ. ಬಾದಾಮ್ಯಾಗ ನಮ್ಮ ಅಪ್ಪನ ಹೊಲಾ ಐತಿ. ಅಲ್ಲೇ ಒಯ್ತೇನಿ.”

ಭಾನುವಾರಕ್ಕೆ ತಿರುಗಿದ್ದ ಎಂದು ನಾನು ಹಿರಿಯರಿಗೆ ಹೇಳಿದೆ. ಅವನು ಅಪ್ಪನ ಪಕ್ಕದಲ್ಲಿ ಮಲಗಲಿ ಎಂಬ ಆಸೆಯಿತ್ತು. ಕೊನೆಗೂ ನಾನೇ ಗೆದ್ದೆ ಎಂಬ ಖುಷಿಯೂ ಇತ್ತು.

ಅವನು ಕೆಲಸ ಮುಟ್ಟದ ಶನಿವಾರವೇ ಗುದ್ದಲಿ ಹಿಡಿದು ಅವನ ಕುಣಿ ತೋಡಿದೆವು. ದಾರಿ ತಪ್ಪಿದ ಕುರಿ ಮರಳಿ ಬಂತೆಂದು ಪಾದ್ರಿಗಳು ಪೆಟ್ಟಿಗೆಯ ಮುಂದೆ ಹೇಳಿದರು. ಎಲ್ಲರೂ ಆಮೆನ್ ಎಂದರು. ಮಣ್ಣು ಹಾಕುವ ಸರದಿ ಬಂದಾಗ ಅವಳು ತನ್ನ ಹಿಡಿ ಮಣ್ಣನ್ನು ನನ್ನ ಪಾದದ ಮೇಲೆ ಬಿಟ್ಟಳು. ಅಂದೇ ಬಾದಾಮಿ ಬಸ್ಸು ಹತ್ತಿದಳು.

ಸೀರೆ ಮುಗಿಸೋಣ, ಎದುರಿಗೆ ಕೂರು ಎಂದು ಕೇಳಲು ಎರಡು ಸಲ ಅಲ್ಲಿಗೆ ಹೋದೆ. ಮೊದಲ ಸಲ ಅವಳು ಬಾಗಿಲು ತೆಗೆಯಲಿಲ್ಲ. ಎರಡನೆಯ ಸಲ ಒಳಗಿನಿಂದಲೇ ಮಾತಾಡಿದಳು.

“ಅವರು ತಿರುಗಿರಲಿಲ್ಲ ಅಂತ ಚರ್ಚಿನ್ಯಾಗ ನಿಂತು ಹೇಳ್ರಿ. ಆಮ್ಯಾಲ ಬರ್ರಿ.”

ನಾನು ಇನ್ನೂ ಹೇಳಿಲ್ಲ. ಎಳೆಗಳು ತೊಲೆಯಲ್ಲೇ ಇವೆ. ಅರ್ಧ ಸೆರಗು ಇನ್ನೂ ಜೋಡಿಸಿಲ್ಲ.