ಕಣದ ಕೇರೆ ಹಾವು

ಮಕ್ಕಳೇ, ನಾನು ನಿಮ್ಮಷ್ಟಿದ್ದಾಗ ಸಂಕ್ರಾಂತಿ ಕಳೆಯಿತೆಂದರೆ ನಮ್ಮ ಮನೆಗೆ ಕದ ಹಾಕಿಯೇ ಇರುತ್ತಿತ್ತು. ಊಟ, ನಿದ್ದೆ, ಜಗಳ ಎಲ್ಲವೂ ಕಣದಲ್ಲೇ. ತೆಲಿಗಿ ಊರಿಗೆ ಹೋಗುವ ದಾರಿಯ ಪಕ್ಕಕ್ಕೆ ನಮ್ಮ ಕಣವಿತ್ತು. ಸಗಣಿ ಸಾರಿಸಿದ ನೆಲ, ನಡುವೆ ಎತ್ತು ಕಟ್ಟಿ ತೆನೆ ತುಳಿಸುವ ಮೇಟಿ ಕಂಬ, ಸುತ್ತ ಕಳ್ಳಿ ಬೇಲಿ, ಮೂಲೆಯಲ್ಲಿ ಜೋಳದ ಸೊಪ್ಪೆಯ ಬಣವೆ. ಮಧ್ಯಾಹ್ನ ಅವ್ವ ಬುತ್ತಿ ಬಿಚ್ಚಿದರೆ ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಬಿಸಿಲಿಗೆ ಕಾದ ಜೋಳದ ತೆನೆಯ ವಾಸನೆಯೂ ಆ ತುತ್ತಿನ ಜೊತೆಗೇ ಹೊಟ್ಟೆಗೆ ಹೋಗುತ್ತಿತ್ತು.

ದೊಡ್ಡವರು ಹೊಲದಲ್ಲಿ ಜೋಳ ಕೊಯ್ಯುವಾಗ ಗುಬ್ಬಿ, ಮೇಕೆ ಬಾರದಂತೆ ಕಣ ಕಾಯುವುದು ನನ್ನ ಪಾಲಿನ ಕೆಲಸ. ನಾನು ಮಾತಾಡುವುದೇ ಅಪರೂಪ. ಅಪ್ಪನ ತಮ್ಮ ಕೊಟ್ರಪ್ಪ ಚಿಗಪ್ಪ ನನ್ನನ್ನು ‘ಮೂಗಿ’ ಎಂದೇ ಕರೆಯುತ್ತಿದ್ದ. ಮಾತಿಲ್ಲದವಳಿಗೆ ನೋಡುವುದು ಬಹಳ ಸಿಗುತ್ತದೆ. ಬೇಲಿಯ ಮೇಲೆ ಓತಿಕ್ಯಾತ ತಲೆ ಅಲ್ಲಾಡಿಸಿದರೆ ಅಣಕಿಸುತ್ತಿದೆಯೆಂದು ಊರ ಹುಡುಗರು ಕಲ್ಲು ಎಸೆಯುತ್ತಿದ್ದರು. ಅದು ನಮ್ಮ ಕಡೆ ನೋಡುತ್ತಲೂ ಇರಲಿಲ್ಲ. ಮಿಡತೆ, ನೊಣ, ಇರುವೆ ಕಂಡರೆ ಸಾಕು, ನಾಲಗೆ ಚಾಚಿ ಎಳೆದುಕೊಳ್ಳುತ್ತಿತ್ತು. ಬಣವೆಯ ಬುಡದಲ್ಲಿ ನುಣುಪು ಮೈಯ ಹಲ್ಲಿಯಂಥ ಹಾವರಾಣಿ ಮಿಂಚಿ ಮಾಯವಾಗುತ್ತಿತ್ತು, ಅದರ ಬಾಯಲ್ಲೂ ಯಾವುದೋ ಹುಳ.

ಅದೇ ಬಣವೆಯೊಳಗೆ ಒಂದು ಕೇರೆ ಹಾವು ಇತ್ತು. ಬಿಸಿಲೇರಿದ ಮೇಲೆ ಹೊರಗೆ ಬಂದು ಮೈ ಕಾಯಿಸಿಕೊಂಡು ಇಲಿಯ ಬಿಲಗಳನ್ನು ಒಂದೊಂದಾಗಿ ಹೊಕ್ಕು ಬರುತ್ತಿತ್ತು. ಮೊದಲ ದಿನ ಹೆದರಿ ಮೇಟಿಗೆ ಆತುಕೊಂಡು ನಿಂತೆ. ಆಮೇಲೆ ಅದು ಬಾರದಿದ್ದರೆ ಎಲ್ಲಿ ಹೋಯಿತೆಂದು ಹುಡುಕತೊಡಗಿದೆ.

ಆ ವರ್ಷ ಕಣದ ಬದಿಗೆ ಕಟ್ಟಿದ ನಮ್ಮ ಎಮ್ಮೆ ಹಾಲು ಕಡಿಮೆ ಮಾಡಿತು. ಕೇರೆ ಹಾವು ಎಮ್ಮೆಯ ಕಾಲಿಗೆ ಸುತ್ತಿಕೊಂಡು ಕೆಚ್ಚಲಿನಿಂದ ಹಾಲು ಕುಡಿಯುತ್ತದೆಂದು ನಮ್ಮ ಕಡೆ ಎಲ್ಲರೂ ನಂಬಿದ್ದರು. ಪಂಚಮಿಗೆ ನಾಗಪ್ಪನ ಹುತ್ತಕ್ಕೆ ಹಾಲೆರೆಯುವ ಜನವೇ ಕೇರೆ ಕಂಡರೆ ಬಡಿಗೆ ಹುಡುಕುತ್ತಿತ್ತು. ಚಿಗಪ್ಪ ಅದನ್ನು ಕೊಲ್ಲದೆ ರಾಶಿ ಮನೆಗೆ ಒಯ್ಯುವುದಿಲ್ಲ ಎಂದು ಹಟ ಹಿಡಿದ. ಎಲ್ಲಿ ಕಂಡೆ ಎಂದು ಅವನು ಕೇಳಿದಾಗಲೆಲ್ಲ ನಾನು ಬಣವೆ ಬಿಟ್ಟು ಬೇರೆ ಕಡೆ ಕೈ ತೋರಿಸುತ್ತಿದ್ದೆ.

ರಾಶಿ ಅಳೆಯುವ ದಿನ ಬಂತು. ತೂರಿದ ಜೋಳ ಕಣದ ನಡುವೆ ಬೆಳ್ಳಗೆ ಗುಡ್ಡೆಯಾಗಿತ್ತು. ನೆತ್ತಿಗೆ ಸಗಣಿಯ ಬೆನಕ, ಅದರ ಮೇಲೆ ಗರಿಕೆ. ಅಜ್ಜ ತಲೆಗೆ ವಸ್ತ್ರ ಸುತ್ತಿ, ರಾಶಿಗೆ ಕೈಮುಗಿದು ಕಾಳು ಅಳೆಯುವ ಕೊಳಗ ಹಿಡಿದ. ಮೊದಲ ಕೊಳಗವನ್ನು ಒಂದು ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ಅಳೆಯುವವನು ಬಿಟ್ಟು ಬೇರೆ ಯಾರೂ ತುಟಿ ಬಿಚ್ಚಬಾರದು. ಮಾತು ಬಿದ್ದರೆ ರಾಶಿಯ ಹುಲುಸು ಹೋಗುತ್ತದೆ. ಹೆಣ್ಣುಮಕ್ಕಳಂತೂ ದೂರದಲ್ಲಿ ಬೇಲಿಯ ಹತ್ತಿರ ನಿಲ್ಲಬೇಕು.

ಅಜ್ಜ ಇನ್ನೂ ಕೆಲವೇ ಕೊಳಗ ಅಳೆದಿದ್ದ. ಬಣವೆಯಿಂದ ಕೇರೆ ಹೊರಬಂತು. ಚೀಲದ ಬಾಯಿ ಹಿಡಿದು ನಿಂತಿದ್ದ ಚಿಗಪ್ಪ ಅದನ್ನು ಬಿಟ್ಟು, ಸದ್ದಿಲ್ಲದೆ ಬಡಿಗೆ ಎತ್ತಿಕೊಂಡು ಹೆಜ್ಜೆಯಿಟ್ಟ. ಹಾವು ಓಡಲಿಲ್ಲ. ಅದರ ಬಾಯಲ್ಲಿ ಒಂದು ಹೆಗ್ಗಣ ಇನ್ನೂ ಒದ್ದಾಡುತ್ತಿತ್ತು. ಚಿಗಪ್ಪನ ಕೈ ಮೇಲೆ ಹೋಯಿತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಹಾವು ಸಾಯುತ್ತದೆ, ತೆರೆದರೆ ರಾಶಿ ಕೆಡುತ್ತದೆ.

“ಹೊಡಿಬ್ಯಾಡ ಚಿಗಪ್ಪ. ಅದರ ಬಾಯಾಗ ನೋಡು.”

ಆ ದನಿ ನನ್ನದೇ ಎಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅವ್ವ ನನ್ನ ರಟ್ಟೆ ಹಿಡಿದಳು. ಅಜ್ಜನ ಕೈಯ ಕೊಳಗ ಅಲ್ಲೇ ನಿಂತಿತು. ಚಿಗಪ್ಪ ಬಡಿಗೆ ಇಳಿಸದೆಯೇ, ಮೂಗಿ ರಾಶಿ ಕೆಡಿಸಿದಳೆಂದು ಗೊಣಗಿದ. ಹಾಲು ಕದಿಯುವ ಹಾವಿಗೆ ವಕಾಲತ್ತು ಬೇರೆ ಎಂದ.

ಅಜ್ಜ ಎದ್ದು ಹತ್ತಿರ ಹೋಗಿ ಬಗ್ಗಿ ನೋಡಿದ.

“ಲೇ ಕೊಟ್ರ, ಅದರ ಬಾಯಾಗ ಹೆಗ್ಗಣ ಐತಿ, ಎಮ್ಮಿ ಕೆಚ್ಚಲಲ್ಲ. ಎಮ್ಮಿ ಗಬ್ಬ ಐತಿ, ಹಾಲು ಎಲ್ಲಿಂದ ಕೊಡ್ತೈತಿ? ನಿನಗ ಇಷ್ಟು ತಿಳಿವಲ್ದೇನು?”

ಬೇಲಿಯ ಬಳಿಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಚಿಗಪ್ಪ ಬಡಿಗೆಯನ್ನು ಬೇಲಿಯಾಚೆ ಎಸೆದ. ಹಾವು ಹೆಗ್ಗಣದೊಂದಿಗೆ ನಿಧಾನವಾಗಿ ಬಣವೆಯೊಳಗೆ ಸರಿದುಹೋಯಿತು.

ಇನ್ನು ರಾಶಿಯ ಗತಿ ಏನೆಂದು ಎಲ್ಲರೂ ಅಜ್ಜನ ಮುಖ ನೋಡಿದರು. ಅಳೆದ ಜೋಳವನ್ನು ಅವನು ಮತ್ತೆ ರಾಶಿಗೇ ಸುರಿಸಿದ. ಹೊಸದಾಗಿ ಊದುಬತ್ತಿ ಹಚ್ಚಿ ನನ್ನನ್ನು ಕರೆದ.

“ಬಾರವ್ವ. ರಾಶಿ ಉಳಿಸಿದ್ದು ಅದು, ಅದನ್ನ ಉಳಿಸಿದಾಕಿ ನೀನು. ಮೊದಲನೇ ಕೊಳಗ ನೀನ ಎಣಿಸು.”

ಹೆಣ್ಣುಮಗಳು ರಾಶಿ ಎಣಿಸಿದ್ದನ್ನು ನಮ್ಮೂರಲ್ಲಿ ಯಾರೂ ಕಂಡಿರಲಿಲ್ಲ. ನಾನು ಬೇಲಿ ಬಿಟ್ಟು ರಾಶಿಯ ಹತ್ತಿರ ಹೋಗಿ ನಿಂತೆ. ಅಜ್ಜ ತುಂಬಿದ ಕೊಳಗ ಎತ್ತಿದ. ಚಿಗಪ್ಪ ತಲೆ ತಗ್ಗಿಸಿ ಚೀಲದ ಬಾಯಿ ಅಗಲಿಸಿದ.

“ಲಾಭ,” ಎಂದೆ. ಪಕ್ಕದ ಕಣದವರು ಕೆಲಸ ನಿಲ್ಲಿಸಿ ತಿರುಗಿ ನೋಡುವಷ್ಟು ಗಟ್ಟಿಯಾಗಿ.

ಬಣವೆ ಕಿತ್ತಾಗ ಅದರಡಿಯ ಬಿಲಗಳಲ್ಲಿ ಇಲಿಯೂ ಇರಲಿಲ್ಲ, ಕದ್ದ ತೆನೆಯೂ ಇರಲಿಲ್ಲ. ಅದೇ ವಾರ ಪಕ್ಕದ ಕಣದವರು ತಮ್ಮ ಬಿಲ ಅಗೆದು, ಹೆಗ್ಗಣ ಬಚ್ಚಿಟ್ಟ ತೆನೆಗಳನ್ನು ಬುಟ್ಟಿಗಟ್ಟಲೆ ತೆಗೆದರು. ಮರುವರ್ಷ ನಮ್ಮಲ್ಲಿ ಹಾವು ಕಂಡಿತೇ ಎಂದು ಎಲ್ಲರಿಗಿಂತ ಮೊದಲು ವಿಚಾರಿಸಿದವನು ಚಿಗಪ್ಪನೇ.

ಈಗ ಕಣಗಳಿಲ್ಲ. ಯಂತ್ರ ಹೊಲದಲ್ಲೇ ಕಾಳು ಉದುರಿಸಿ ಚೀಲ ತುಂಬುತ್ತದೆ. ಕಳ್ಳಿ ಬೇಲಿ ಹೋಗಿ ತಂತಿ ಬಂತು, ಓತಿಕ್ಯಾತ ಕೂರುವ ಜಾಗ ಹೋಯಿತು. ಬಿಲಕ್ಕೆ ಪಾಷಾಣ ಇಡುತ್ತಾರೆ. ಅದನ್ನು ತಿಂದ ಇಲಿಯನ್ನು ನುಂಗಿ ಕೇರೆಯೂ ಸಾಯುತ್ತದೆ, ಆಮೇಲೆ ಇಲಿಗಳು ಮತ್ತೆ ಹೆಚ್ಚುತ್ತವೆ. ರಾಶಿಯ ಮುಂದೆ ಉಸಿರು ಬಿಗಿಹಿಡಿದು ನಿಂತ ಆ ಜನರಲ್ಲಿ ಉಳಿದಿರುವವಳು ನಾನೊಬ್ಬಳೇ. ಆದರೆ ಆ ವರ್ಷದ ಜೋಳ ಮುಂದಿನ ಸುಗ್ಗಿಯವರೆಗೂ ನಮಗೆ ಸಾಲಿತು, ಎಮ್ಮೆ ಕರು ಹಾಕಿತು, ಹಾವು ಬದುಕಿತು.