ಐದು ವಾಟಿನ ಹೀಟರ್

ಬಳ್ಳಾರಿ ಕಂಟೋನ್ಮೆಂಟಿನ ರೇಡಿಯೊ ಮೆಕ್ಯಾನಿಕ್ ಎಲ್ಲರಿಗೂ ಹೇಳುತ್ತಿದ್ದುದು ಒಂದೇ ಮಾತು: "ನಾಳಿ ಬರ್ರಿ."

ಕರಕರ ಎನ್ನುತ್ತಿದ್ದ ನನ್ನ ಐದು ವಾಟಿನ ವಾಲ್ವ್ ಗಿಟಾರ್ ಆಂಪ್ಲಿಫೈಯರನ್ನು ಒಯ್ದಾಗ ಆತ ಮೊದಲು ಕೇಳಿದ್ದು ಅದರ ಬೆಲೆ. ಹೇಳಿದೆ. ಆನ್ ಮಾಡಿ, ಒಳಗೆ ಕೆಂಪಗೆ ಕಾದ ಗಾಜಿನ ವಾಲ್ವುಗಳನ್ನು ನೋಡಿ ನಕ್ಕ.

"ಇಷ್ಟು ರೊಕ್ಕಕ್ಕ ಮದುವಿ ಮೆರವಣಿಗಿ ಸೌಂಡ್ ಸೆಟ್ಟ ಬರ್ತಿತ್ತಲ್ರಿ! ನೀವು ಹೀಟರ್ ತಂದೀರಿ. ಅದೂ ಬಳ್ಳಾರಿಗೆ!"

ಎಂಟು ದಿನ ಅಲೆಸಿದ. ಒಂಬತ್ತನೆಯ ಮಧ್ಯಾಹ್ನ ಅಂಗಡಿಯ ಶಟರ್ ಅರ್ಧ ಇಳಿದಿತ್ತು. ಬಗ್ಗಿ ನೋಡಿದೆ. ಸದ್ದಾಗುತ್ತದೆಂದು ಫ್ಯಾನನ್ನೂ ಆರಿಸಿ, ಬನಿಯನ್ನಿನಲ್ಲಿ ಬೆವರುತ್ತ, ಯಾರದೋ ಗಿಟಾರನ್ನು ನನ್ನ ಆಂಪಿಗೆ ಸಿಕ್ಕಿಸಿಕೊಂಡು ಕೂತಿದ್ದ. ಒಂದೇ ತಂತಿ ಮೀಟಿ, ಆ ನಾದ ಕರಗುವವರೆಗೂ ಕಣ್ಣು ಮುಚ್ಚಿರುತ್ತಿದ್ದ.

"ರಿಪೇರಿ ಆತೇನ್ರಿ?" ಎಂದೆ.

ಆತ ಕಣ್ಣು ತೆರೆಯಲಿಲ್ಲ.

"ಆಗಿ ವಾರ ಆತು. ನಾಳಿ ಬರ್ರಿ."