ಚಪ್ಪಲಿ ಏಟು ತಿಂದ ಮಣ್ಣು

ನಮ್ಮ ತರಾವಾ ದ್ವೀಪದ ಮನೆಗಳಿಗೆ ಗೋಡೆ ಇಲ್ಲ. ನಾಲ್ಕು ಕಂಬ, ಮೇಲೆ ಕೇದಗೆ ಗರಿಯ ಮಾಡು, ಕೂರಲು ಮಲಗಲು ಒಂದು ಅಟ್ಟಣೆ, ಅಲ್ಲಿಗೆ ಮನೆ ಮುಗಿಯಿತು. ಇಂಥ ಕಡೆ ಗುಟ್ಟು ಇಟ್ಟುಕೊಳ್ಳುವುದೆಂದರೆ ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ. ಆದರೂ ನನ್ನ ಎಡಗಡೆ ಮನೆಯ ಅಕೆನೇತೆ ಮೂವತ್ತನಾಲ್ಕು ವರ್ಷ ಒಂದು ಗುಟ್ಟು ಕಾಪಾಡಿಕೊಂಡು ಬಂದಳು. ನನ್ನ ಬಲಗಡೆ ಮನೆಯ ರೆರೆಯಾವೋ ಅಷ್ಟೇ ವರ್ಷ ಅದನ್ನು ಕದಿಯಲು ನೋಡಿದಳು. ಅಕೆನೇತೆ ಅತ್ತಿಗೆ, ರೆರೆಯಾವೋ ಅವಳ ನಾದಿನಿ. ನಡುವೆ ನಾನು, ನಕಿಬಯೆ, ಇಬ್ಬರಿಗೂ ದೂರದ ನೆಂಟ, ಇಬ್ಬರ ಬೈಗುಳಕ್ಕೂ ಹತ್ತಿರದವನು.

ಗುಟ್ಟು ಯಾವುದರದು ಅಂದರೆ ಮಣ್ಣಿನದು. ನಮ್ಮದು ಬರೀ ಹವಳದ ಮರಳು, ಹಲ್ಲುಪುಡಿಯಷ್ಟು ಬಿಳಿ. ಮಣ್ಣು ಬೇಕೆಂದರೆ ಅಡುಗೆ ಮಾಡಿದ ಹಾಗೆ ಮನೆಯಲ್ಲೇ ಮಾಡಿಕೊಳ್ಳಬೇಕು. ಪ್ರತಿ ಮನೆತನಕ್ಕೂ ಅದರದ್ದೇ ಹದ, ಅದರದ್ದೇ ಎಲೆ. ತಾಯಿ ಸಾಯುವ ಮೊದಲು ಒಂದೇ ಒಂದು ಮಗುವಿಗೆ ಹೇಳಿ ಸಾಯುತ್ತಾಳೆ. ನಮ್ಮಲ್ಲಿ ನೆಂಟರು ಬಂದು ‘ಬುಬುಸಿ’ ಅಂದರೆ, ಕೇಳಿದ್ದನ್ನು ಇಲ್ಲ ಅನ್ನದೆ ಕೊಡಬೇಕು. ಸೈಕಲ್ ಕೇಳಬಹುದು, ಹೊಲಿಗೆ ಮಿಷನ್ ಕೇಳಬಹುದು, ಸಾಕಿಕೊಳ್ಳುತ್ತೇನೆಂದು ಮಗುವನ್ನೇ ಕೇಳಬಹುದು. ಮಣ್ಣಿನ ಗುಟ್ಟನ್ನು ಮಾತ್ರ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಕೇಳಿದರೆ ಏಳು ತಲೆಮಾರಿನ ಮಾನ ಹೋಗುತ್ತದೆ. ಕದ್ದು ನೋಡಿದರೆ ಏನೂ ಹೋಗುವುದಿಲ್ಲ.

ರೆರೆಯಾವೋ ಕೇಳುವುದರಲ್ಲಿ ಗಟ್ಟಿಗಿತ್ತಿ. ಅತ್ತಿಗೆಯ ಸೈಕಲ್ಲು, ಹೊಲಿಗೆ ಮಿಷನ್ನು, ದೊಡ್ಡ ಬಾಣಲೆ ಎಲ್ಲವೂ ಬಲಗಡೆ ಮನೆ ಸೇರಿದ್ದು ಬುಬುಸಿಯಿಂದಲೇ. ಅಕೆನೇತೆ ಮರಾಕೇಯಿ ದ್ವೀಪದಿಂದ ಮದುವೆಯಾಗಿ ಬಂದವಳು. ಬಂದ ದಿನದಿಂದ ಯಾರ ಮುಂದೆಯೂ ಕೈ ಚಾಚಿದವಳಲ್ಲ. ಗಂಡ ತೀರಿಕೊಂಡ ವಾರವೂ ಚಾಪೆ ಹೆಣೆದು ಮಾರಿ ಅಕ್ಕಿ ತಂದಳೇ ಹೊರತು, ಒಂದು ಬೆಂಕಿಕಡ್ಡಿಯನ್ನೂ ಕೇಳಲಿಲ್ಲ. ನಾನಾಗಿಯೇ ಒಮ್ಮೆ ಮೀನು ತೆಗೆದುಕೊಂಡು ಹೋದೆ.

“ನಿಮ್ಮನೇಲಿ ಬೆಕ್ಕಿಲ್ವಾ?” ಅಂದಳು.

ಇನ್ನು ಅವಳು ಮಣ್ಣು ಕಲಸುವ ಚಂದ. ಎಲ್ಲರೂ ನೋಡುತ್ತಾರೆಂದು ಗೊತ್ತಿದ್ದರಿಂದ, ನೋಡಲಿ ಅಂತಲೇ ಬೆಳಿಗ್ಗೆ ಅಂಗಳದಲ್ಲಿ ಕಲಸುತ್ತಿದ್ದಳು. ಕೊಳೆತ ತೆಂಗಿನ ಕಾಂಡದ ಪುಡಿ, ದೀವಿಹಲಸಿನ ಬುಡದ ಕರಿಮಣ್ಣು, ಒಲೆಯ ಇದ್ದಿಲು, ಇವು ಎಲ್ಲರಿಗೂ ಗೊತ್ತಿದ್ದದ್ದೇ. ಎರಡು ಬಗೆಯ ಒಣಗಿದೆಲೆ ಇತ್ತು. ಅವುಗಳನ್ನು ಊರು ಮಲಗಿದ ಹೊತ್ತಲ್ಲಿ ಪುಡಿ ಮಾಡಿ ಹಿಟ್ಟಿನ ಡಬ್ಬದಲ್ಲಿ ತರುತ್ತಿದ್ದಳು. ಅವುಗಳ ಹೆಸರು ನನಗೆ ಗೊತ್ತು, ಹೇಳುವುದಿಲ್ಲ. ಆಮೇಲೆ ಶುರುವಾಗುತ್ತಿತ್ತು ಆಟ. ತುಕ್ಕು ಹಿಡಿದ ಮೀನಿನ ಡಬ್ಬಿಗಳನ್ನು ಕಲ್ಲಲ್ಲಿ ಜಜ್ಜಿ ಹಾಕುವಳು. ಹಳೇ ದಿಂಬಿನ ಹತ್ತಿ ಹಾಕುವಳು. ಕೋಳಿಪುಕ್ಕ ಎಣಿಸಿ ಹಾಕುವಳು. ಕೊನೆಗೆ ಎಡಗಾಲಿನ ಚಪ್ಪಲಿ ತೆಗೆದು ಆ ಗುಡ್ಡೆಗೆ ಏಳು ಏಟು ಹೊಡೆಯುವಳು, ಪಾದ್ರಿಗಳು ಪ್ರಾರ್ಥನೆ ಮಾಡುವಷ್ಟು ಗಂಭೀರವಾಗಿ.

ಮಾರನೇ ಬೆಳಿಗ್ಗೆ ಬಲಗಡೆ ಮನೆಯಿಂದಲೂ ಚಪ್ಪಲಿ ಸದ್ದು ಕೇಳಿಸುತ್ತಿತ್ತು.

ಮಧ್ಯಾಹ್ನ ಊರಿಗೆ ಊರೇ ಮಲಗುತ್ತದೆ, ನಾನೊಬ್ಬನನ್ನು ಬಿಟ್ಟು. ಹತ್ತೊಂಬತ್ತು ವರ್ಷ ಸರಕಿನ ಹಡಗಿನಲ್ಲಿ ದುಡಿದವನು ನಾನು. ಹನ್ನೆರಡರಿಂದ ನಾಲ್ಕರ ಪಾಳಿ ನನ್ನದು. ಆ ಹೊತ್ತಿಗೆ ಇವತ್ತಿಗೂ ರೆಪ್ಪೆ ಕೂಡುವುದಿಲ್ಲ. ಅದಕ್ಕೇ ನಾನು ಕಂಡದ್ದು: ಅಕೆನೇತೆ ಕುಕ್ಕರಗಾಲಲ್ಲಿ ಕೂತು, ಹಾಕಿದ ಡಬ್ಬಿಚೂರು, ಹತ್ತಿ, ಪುಕ್ಕ ಎಲ್ಲವನ್ನೂ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸಿ ತೆಗೆಯುತ್ತಿದ್ದಳು. ಬೆಳಗಿನದೆಲ್ಲ ನಾದಿನಿಗೆ ಕಟ್ಟಿದ ನಾಟಕ. ಹಡಗಿನಲ್ಲಿ ಎಷ್ಟೋ ದೇಶದ ಸುಳ್ಳರನ್ನು ಕಂಡಿದ್ದೇನೆ. ಇಷ್ಟು ಮೈಮುರಿದು ದುಡಿಯುವ ಸುಳ್ಳಿಯನ್ನು ಕಂಡಿರಲಿಲ್ಲ.

ಆ ಮಣ್ಣೆಲ್ಲ ಹೋಗುತ್ತಿದ್ದದ್ದು ಒಂದೇ ಗಿಡಕ್ಕೆ. ಮರಾಕೇಯಿಯಲ್ಲಿ ಅವಳ ತಾಯಿಗೊಂದು ಬಬಾಯಿ ಕೆಸುವಿನ ಗುಂಡಿ ಇತ್ತು. ಎಲೆ ಎಷ್ಟು ದೊಡ್ಡದೆಂದರೆ ಮಳೆ ಬಂದರೆ ಇಬ್ಬರು ಕೆಳಗೆ ನಿಲ್ಲಬಹುದು. ಒಂದು ವರ್ಷ ಗುಂಡಿಗೆ ಕಡಲು ನುಗ್ಗಿ ಎಲ್ಲ ಗೆಡ್ಡೆಯೂ ಕೊಳೆಯಿತು. ತಾಯಿ ಒಂದೇ ಒಂದು ಮರಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ದೋಣಿಯಲ್ಲಿ ಕಳಿಸಿದಳು, ಆಮೇಲೆ ಅವಳೂ ಹೋದಳು. ಆ ತಳಿ ಈಗ ಎಲ್ಲಿಯೂ ಇಲ್ಲ, ಅಕೆನೇತೆಯ ಅಂಗಳದ ಕಬ್ಬಿಣದ ಡ್ರಮ್ಮಿನಲ್ಲಿ ಬಿಟ್ಟರೆ. ಮಕ್ಕಳಿಲ್ಲದ ಹೆಂಗಸು. ಸಂಜೆ ಡ್ರಮ್ಮಿನ ಪಕ್ಕ ಕೂತು ಅದರೊಡನೆ ಮಾತಾಡುತ್ತಿದ್ದಳು, ಹೆಚ್ಚಾಗಿ ರೆರೆಯಾವೋನ ಚಾಡಿ.

ಹೋದ ವರ್ಷದ ಹಿಂದಿನ ವರ್ಷ ಆ ಡ್ರಮ್ಮಿನ ತಳ ತುಕ್ಕು ತಿಂದು ಉದುರಿತು. ನಾನು ಬಂದರಿನಿಂದ ನೀಲಿ ಪ್ಲಾಸ್ಟಿಕ್ ಡ್ರಮ್ಮೊಂದನ್ನು ಹೊತ್ತು ತಂದೆ. ಕೇಳಿದ್ದರೆ ತರುತ್ತಿರಲಿಲ್ಲವೇನೋ, ಕೇಳದವಳಿಗೆ ತಂದುಕೊಡುವ ಚಪಲ.

“ನಾನು ಕೇಳ್ಲಿಲ್ಲ,” ಅಂದಳು.

“ನಾನೂ ಕೊಡ್ಲಿಲ್ಲ. ಇಲ್ಲಿ ಇಟ್ಟಿದೀನಿ, ಅಷ್ಟೇ.”

ಆರು ತಿಂಗಳಿಗೆ ಬಬಾಯಿಗೆ ಕಾಮಾಲೆ ಹಿಡಿಯಿತು. ನರ ಮಾತ್ರ ಹಸಿರು, ಎಲೆಯೆಲ್ಲ ಹಳದಿ. ಹೊಸ ಎಲೆ ಹಳೆಯದಕ್ಕಿಂತ ಚಿಕ್ಕದು, ಇನ್ನೂ ಬಿಳಿ. ಅಕೆನೇತೆ ತಾಯಿ ಹೇಳಿಕೊಟ್ಟ ಮಣ್ಣನ್ನು ಮತ್ತೆ ಕಲಸಿದಳು, ಎಲೆಪುಡಿ ಎರಡರಷ್ಟು ಹಾಕಿದಳು. ಗಿಡ ಇನ್ನಷ್ಟು ಸೊರಗಿತು. ಅವಳೂ ಸೊರಗಿದಳು. ಹಳೇ ಡ್ರಮ್ಮು ನಿಂತಿದ್ದ ಜಾಗದಲ್ಲಿ ಕೆಂಪು ತುಕ್ಕಿನ ಉಂಗುರವಿತ್ತು. ಆ ಉಂಗುರದೊಳಗೆ ಹುಟ್ಟಿದ ಕಳೆ ಮಾತ್ರ ಕಡುಹಸಿರಾಗಿತ್ತು. ಹಡಗಿನಲ್ಲಿ ಹತ್ತೊಂಬತ್ತು ವರ್ಷ ತುಕ್ಕು ಕೆರೆದವನಿಗೆ ಅಷ್ಟು ಸಾಕು. ಇಷ್ಟು ವರ್ಷ ಗಿಡ ಉಂಡದ್ದು ಆ ಡ್ರಮ್ಮಿನ ತುಕ್ಕನ್ನು. ಕೊಲ್ಲುತ್ತಿದ್ದದ್ದು ನನ್ನ ನೀಲಿ ಡ್ರಮ್ಮು.

ಹೇಳುವುದು ಹೇಗೆ? ಇನ್ನೊಬ್ಬರ ಮಣ್ಣಿನ ವಿಷಯ ಎತ್ತಬಾರದು. ಎತ್ತಿದರೆ ಮಧ್ಯಾಹ್ನದ ನನ್ನ ಕಣ್ಣಿನ ಕೆಲಸವೂ ಬಯಲಾಗುತ್ತದೆ. ಸುತ್ತಿ ಬಳಸಿ ಹೇಳಿದೆ, “ಅಕೆನೇತೆ, ಹಡಗಲ್ಲಿ ತುಕ್ಕು ಅನ್ನೋದು...”

“ಹಡಗಿನ ವಿಷ್ಯ ಹಡಗಲ್ಲೇ ಇಟ್ಕೋ. ಯಾರದೋ ಕಣ್ಣು ಬಿದ್ದಿದೆ ಇದಕ್ಕೆ. ಮಧ್ಯಾಹ್ನದ ಹೊತ್ತಲ್ಲಿ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಎದ್ದು ಮನೆಗೆ ಹೋದೆ.

ಅದೇ ಹೊತ್ತಿಗೆ ನಿಜವಾದ ಕುಂಬಳ ಬಲಗಡೆ ಮನೆಯಲ್ಲಿ ಮೆರೆಯುತ್ತಿತ್ತು. ರೆರೆಯಾವೋನ ಬಳ್ಳಿ ಮಾಡು ಹತ್ತಿ ನನ್ನ ಮಾಡಿಗೂ ಕೈ ಚಾಚಿತ್ತು. ಎಲೆ ಕಪ್ಪು ಅನ್ನುವಷ್ಟು ಹಸಿರು. ಅಕೆನೇತೆ ಮೂರು ದಿನ ಕಣ್ಣಂಚಲ್ಲಿ ಆ ಬಳ್ಳಿ ನೋಡಿದಳು. ನಾಲ್ಕನೇ ದಿನ ತಲೆ ಬಾಚಿ, ಚರ್ಚಿಗೆ ಹೋಗುವ ಅಂಗಿ ತೊಟ್ಟು, ನನ್ನ ಅಂಗಳ ದಾಟಿ ಅತ್ತ ನಡೆದಳು.

“ಏನತ್ತಿಗೆ, ದಾರಿ ತಪ್ತಾ?” ರೆರೆಯಾವೋ ಅಟ್ಟಣೆಯಿಂದ ಇಳಿಯಲೂ ಇಲ್ಲ.

“ಬುಬುಸಿ.”

ರೆರೆಯಾವೋ ಕೈಲಿದ್ದ ಚಹಾ ಲೋಟ ಕೆಳಗಿಟ್ಟಳು. ಆಚೆ ಮನೆಯಲ್ಲಿ ಯಾರೋ ರೇಡಿಯೋ ಆರಿಸಿದರು.

“ಏನ್ ಬೇಕು?”

“ನಿನ್ನ ಕುಂಬಳದ ಬುಡದ ಮಣ್ಣು. ಒಂದು ಬೋಗುಣಿ.”

ಮೂವತ್ತನಾಲ್ಕು ವರ್ಷ ಕಾದಿದ್ದ ನಾದಿನಿ, ಈಗ ಹಿಗ್ಗಾಮುಗ್ಗಾ ಆಡಿಕೊಳ್ಳುತ್ತಾಳೆ ಅಂತ ನಾನು ತಲೆ ತಗ್ಗಿಸಿದೆ. ಅವಳು ಅಟ್ಟಣೆ ಇಳಿದು ಎರಡು ಬೋಗುಣಿ ತುಂಬಿ ಮುಂದಿಟ್ಟಳು. ಅಕೆನೇತೆ ಬೆರಳಾಡಿಸಿದಳು. ಮೊದಲು ಡಬ್ಬಿಚೂರು ಸಿಕ್ಕಿತು. ಆಮೇಲೆ ಹತ್ತಿ, ಆಮೇಲೆ ಪುಕ್ಕ.

“ಇದ್ಯಾಕೆ ಹಾಕ್ದೆ?” ಅವಳ ದನಿ ಸಣ್ಣಗಾಗಿತ್ತು.

“ನೀನು ಹಾಕ್ತಿದ್ದೆಯಲ್ಲ. ನಾನು ಕಳ್ಳಿ, ಒಪ್ಕೋತೀನಿ. ಆದ್ರೆ ಅರ್ಧಂಬರ್ಧ ಕದಿಯೋಳಲ್ಲ.”

“ಚಪ್ಪಲಿ?”

“ಏಳು ಏಟು. ಎಡಗಾಲಿಂದು.”

ಅಕೆನೇತೆ ಮಣ್ಣಿನ ಕೈಯಲ್ಲೇ ಮುಖ ಮುಚ್ಚಿಕೊಂಡಳು. ಅಳುತ್ತಾಳೆ ಅಂದುಕೊಂಡೆ, ನಗುತ್ತಿದ್ದಳು. ಕೊನೆಗೆ ಎರಡೂ ಆಯಿತು.

“ಅದೆಲ್ಲಾ ಸುಳ್ಳು ಕಣೇ. ನಿನ್ನ ದಾರಿ ತಪ್ಸೋಕೆ ಅಂತ ಮಾಡ್ದೆ.”

“ಸುಳ್ಳಾದ್ರೆ ಕುಂಬಳ ಎಲ್ಲಿಂದ ಬಂತು?”

ಅದಕ್ಕೆ ಉತ್ತರ ಗೊತ್ತಿದ್ದವನು ಪಕ್ಕದ ಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಬಲೆ ಹೊಲಿಯುವ ನಟನೆ ಮಾಡುತ್ತಿದ್ದ.

“ಈಗ ನನ್ನ ಸರದಿ,” ಅಂದಳು ರೆರೆಯಾವೋ. “ಬುಬುಸಿ. ಆ ಬಬಾಯಿ ಮರಿ ಇಟ್ಟಾಗ ಮೊದಲನೇದು ನನಗೆ.”

ಅಕೆನೇತೆಯ ನಗು ನಿಂತಿತು. ಆ ತಳಿ ಅವಳ ತಾಯಿಮನೆ ದಾಟಿ ಯಾರ ಕೈಗೂ ಹೋದದ್ದಲ್ಲ. ಆದರೆ ಇಲ್ಲ ಅನ್ನುವಂತಿಲ್ಲ, ಅದೂ ಮಣ್ಣು ಮಡಿಲಲ್ಲಿ ಇಟ್ಟುಕೊಂಡು. “ಆಯ್ತು,” ಅಂದಳು, ಹಲ್ಲು ಕೀಳಿಸಿಕೊಂಡ ಹಾಗೆ.

ಅವತ್ತಿನಿಂದ ಅಕೆನೇತೆಯ ಗತಿ ನೋಡಬೇಕಿತ್ತು. ತನ್ನ ಮೂರು ಸುಳ್ಳಿನಲ್ಲಿ ಯಾವುದು ನಿಜ ಅಂತ ತಿಳಿಯದೆ ಮೂರನ್ನೂ ಹಾಕಿದಳು. ಚಪ್ಪಲಿ ಏಟನ್ನೂ ಬಿಡಲಿಲ್ಲ, ಈ ಸಲ ಭಕ್ತಿಯಿಂದ ಹೊಡೆದಳು. ಮಧ್ಯಾಹ್ನ ಆರಿಸಲು ಬರಲಿಲ್ಲ. ಎರಡು ತಿಂಗಳಿಗೆ ಬಬಾಯಿ ಹಸಿರಾಯಿತು. ಆಮೇಲೆ ಬುಡದಲ್ಲಿ ಒಂದು ಮರಿ ಎದ್ದಿತು. ಅದು ಮೊಣಕಾಲೆತ್ತರ ಬಂದಾಗ ಅಕೆನೇತೆ ಬೇರು ನೋಯದ ಹಾಗೆ ಬಿಡಿಸಿ ಬಲಗಡೆ ಮನೆಗೆ ಕೊಂಡೊಯ್ದಳು. ಕೊಟ್ಟು ಹಿಂದಿರುಗಿದವಳು ನನ್ನ ಅಂಗಳದ ನಡುವೆ ನಿಂತಳು, ಮತ್ತೆ ಹೋದಳು, ನಾದಿನಿಯ ಕಿವಿಗೆ ಬಾಯಿಟ್ಟು ಏನೋ ಹೇಳಿದಳು. ಎರಡು ಎಲೆಗಳ ಹೆಸರು. ನಾನು ಕಡಲ ಕಡೆ ತಿರುಗಿ ಕೂತೆ. ನನಗೂ ಅಷ್ಟು ಮಾನ ಇದೆ.

ಈ ವರ್ಷ ಫೆಬ್ರವರಿಯ ದೊಡ್ಡ ಅಲೆ ಹಗಲಲ್ಲೇ ಬಂತು. ಮೊಣಕಾಲುದ್ದ ನೀರು ಅಂಗಳದಲ್ಲೆಲ್ಲ ಹರಿಯಿತು. ನನ್ನ ದರಿದ್ರ ನೀಲಿ ಡ್ರಮ್ಮು ನೀರಿಗೆ ಹಗುರಾಗಿ ಪಲ್ಟಿ ಹೊಡೆದು ಬಬಾಯಿಯನ್ನು ಉಪ್ಪುನೀರಿಗೆ ಕಕ್ಕಿತು. ಎರಡೇ ದಿನಕ್ಕೆ ಗೆಡ್ಡೆ ಮೆತ್ತಗಾಯಿತು. ಅಕೆನೇತೆ ಅದನ್ನು ತೊಳೆದಳು, ಒರೆಸಿದಳು, ಮೂಸಿ ನೋಡಿದಳು. ಆಮೇಲೆ ಅಟ್ಟಣೆ ಮೇಲೆ ಮಲಗಿದವಳು ಏಳಲಿಲ್ಲ. ನಾನು ಮೀನು ತೆಗೆದುಕೊಂಡು ಹೋದೆ. ಅವಳು ಬೆಕ್ಕಿನ ಮಾತೂ ಆಡಲಿಲ್ಲ.

ಮೂರು ದಿನ ಹೀಗೇ ಹೋಯಿತು. ಬಲಗಡೆ ಮನೆಯ ಮರಿಯ ಕತೆ ಏನಾಯಿತು ಅಂತ ಅವಳು ಕೇಳಲಿಲ್ಲ. ಕೊಟ್ಟದ್ದನ್ನು ಕೇಳುವುದು ನಾಚಿಕೆ. ನಾನು ಮಾತ್ರ ನೋಡಿದ್ದೆ. ನೀರು ಏರುವಾಗ ರೆರೆಯಾವೋ ಆ ಗಿಡವನ್ನು ಬೋಗುಣಿ ಸಮೇತ ತನ್ನ ಅಟ್ಟಣೆಯ ಹಾಸಿಗೆ ಮೇಲೆ ಕೂರಿಸಿ, ತಾನು ಕೆಳಗೆ ನೀರಲ್ಲಿ ಕಂಬ ಹಿಡಿದು ನಿಂತಿದ್ದಳು. ಹೊಲಿಗೆ ಮಿಷನ್ನು ಮುಳುಗಿಹೋಯಿತು, ಅದರ ಕಡೆ ತಿರುಗಿಯೂ ನೋಡಲಿಲ್ಲ.

ನಾಲ್ಕನೇ ಬೆಳಿಗ್ಗೆ ಅಕೆನೇತೆ ಎದ್ದಳು. ತಲೆ ಬಾಚಿರಲಿಲ್ಲ. ನನ್ನ ಅಂಗಳ ದಾಟಿ ಹೋಗಿ ನಿಂತು, “ಬುಬು...” ಅನ್ನುವಷ್ಟರಲ್ಲಿ ರೆರೆಯಾವೋ ತಡೆದಳು.

“ಸುಮ್ನಿರು. ನಿಮ್ಮಮ್ಮನ್ನ ಬುಬುಸಿ ಅಂತ ಈಸ್ಕೋಬೇಕಾ? ಕರ್ಕೊಂಡ್ ಹೋಗು.”

ಅವಳ ಕೈಯಲ್ಲಿ ಒದ್ದೆ ಬಟ್ಟೆ ಸುತ್ತಿದ ಮರಿಯೊಂದಿತ್ತು. ಎರಡು ಎಲೆ, ಕಿವಿಯಷ್ಟಷ್ಟೇ. ತನ್ನ ಗಿಡ ಇಟ್ಟ ಮರಿಯನ್ನು ಯಾವಾಗಲೋ ಬಿಡಿಸಿ ಇಟ್ಟು ಕಾಯುತ್ತಿದ್ದಳು ಅಂತ ಕಾಣುತ್ತದೆ. ಬಟ್ಟೆ ಒಣಗದಂತೆ ನೀರು ಚಿಮುಕಿಸಿದ್ದಳು.

ನಾನು ಬಂದರಿಗೆ ಓಡಿ, ಇದ್ದುದರಲ್ಲಿ ಅತಿ ಹೆಚ್ಚು ತುಕ್ಕು ಹಿಡಿದ ಕಬ್ಬಿಣದ ಡ್ರಮ್ಮನ್ನು ಹುಡುಕಿ ಉರುಳಿಸಿಕೊಂಡು ಬಂದೆ. ಅಂಗಳದಲ್ಲಿ ಇಬ್ಬರೂ ಎದುರುಬದುರು ಕೂತು ಮಣ್ಣು ಕಲಸುತ್ತಿದ್ದರು. ಡಬ್ಬಿಚೂರು, ಹತ್ತಿ, ಪುಕ್ಕ ಎಲ್ಲ ಬಿತ್ತು. ಎಲೆಪುಡಿಯನ್ನು ಅಕೆನೇತೆ ಡಬ್ಬ ತೆರೆದಿಟ್ಟೇ ಹಾಕಿದಳು. ಕೊನೆಗೆ ಚಪ್ಪಲಿ ಹುಡುಕಿದರು. ರೆರೆಯಾವೋ ಹತ್ತಿರ ತನ್ನ ಎಡಗಾಲಿನದು ಇತ್ತು. ಅಕೆನೇತೆಯ ಜೋಡು ಕಡಲ ಪಾಲಾಗಿತ್ತು.

ಇನ್ನಾದರೂ ಹೇಳಿಬಿಡೋಣ ಅನ್ನಿಸಿತು. ಬೇಕಾದದ್ದು ತುಕ್ಕು ಮಾತ್ರ, ಉಳಿದದ್ದೆಲ್ಲ ಸುಮ್ಮನೆ, ಇಷ್ಟು ವರ್ಷ ನಾನು ಎಲ್ಲ ನೋಡಿದ್ದೇನೆ ಅಂತ. ಬಾಯಿ ತೆರೆದೆ.

ಅಕೆನೇತೆ ನನ್ನ ಕಡೆ ತಿರುಗಿ ಮಣ್ಣಿನ ಕೈ ಚಾಚಿದಳು.

“ನಕಿಬಯೆ, ನಿನ್ನ ಎಡಗಾಲಿಂದು ಕೊಡು. ಬುಬುಸಿ.”

ಚಪ್ಪಲಿ ಬಿಚ್ಚಿ ಕೊಟ್ಟೆ.